ಯಂತ್ರದೊಳಗಣ ಯಂತ್ರ

ನಮ್ಮ ತೀರ್ಥರೂಪರು ಕನಕಪುರದ ಕಡೆಯ ಹಳ್ಳಿಗಳಲ್ಲಿ ಉಪಾಧ್ಯಾಯರಾಗಿದ್ದರು. ಶಾಲೆ ಬಿಟ್ಟ ಮೇಲೆ ಹುಳು ಸಾಕುವವರ ಮನೆಯ ಜಗುಲಿಯಲ್ಲಿ ಕುಳಿತು, ಅವರ ಬಾಯಿಂದ ಬರುವ ಮಾತುಗಳನ್ನು ಬರೆದುಕೊಳ್ಳುವುದು ಅವರಿಗಿದ್ದ ಒಂದೇ ಚಟ. ಹುಳು ಪೊರೆ ಬಿಡುವುದಕ್ಕೆ ಜ್ವರವೆಂದೂ, ಗೂಡು ಕಟ್ಟಲು ಸಿದ್ಧವಾದದ್ದಕ್ಕೆ ಹಣ್ಣುಹುಳುವೆಂದೂ, ಅದನ್ನು ಬಿಡುವ ಬಿದಿರ ತಟ್ಟಿಗೆ ಚಂದ್ರಿಕೆಯೆಂದೂ ಹೇಳುವುದನ್ನು ನಮ್ಮ ಸೀಮೆಯವರು ಬಲ್ಲರು. ಆದರೆ ಇಂತಹ ಮಾತುಗಳನ್ನು ನೂರಾರು ಕೂಡಿಹಾಕಿ, ಒಂದೊಂದಕ್ಕೂ ಪ್ರಯೋಗವನ್ನು ಕೊಟ್ಟಿಟ್ಟವರು ವಿರಳ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದು ಚಂದ್ರಿಕೆಯು ಅಟ್ಟಕ್ಕೇರುತ್ತಿದ್ದ ಕಾಲವದು. ವಸ್ತುವಿನ ಹಿಂದೆಯೇ ಅದರ ಹೆಸರೂ ಹೊರಟುಹೋಗುವುದೆಂಬ ಭಯ ಅವರಿಗೆ. ನಿವೃತ್ತರಾದ ಮೇಲೆ ಒಂದು ಕಂಪ್ಯೂಟರನ್ನು ಕೊಂಡು, ಎರಡೇ ಬೆರಳಿನಿಂದ ಒತ್ತಿ ಒತ್ತಿ, ಆ ಕೋಶವನ್ನೆಲ್ಲ ಅದರೊಳಗೆ ಇಳಿಸಿದರು. ನೋಟುಪುಸ್ತಕಗಳು ಇನ್ನೇಕೆಂದು ರದ್ದಿಗೆ ಹಾಕಿಬಿಟ್ಟರು.

ಅವರು ಕಾಲವಾದ ಕೆಲವು ವರ್ಷಗಳಿಗೆ, ಚನ್ನಪಟ್ಟಣದ ನಮ್ಮ ಮನೆಯ ಮೂಲೆಯಲ್ಲಿದ್ದ ಆ ಪೆಟ್ಟಿಗೆಯೂ ಕೆಟ್ಟುಹೋಯಿತು. ಡಿಸ್ಕು ಮಾತ್ರ ಉಳಿದಿದ್ದಿತು. ಅದನ್ನು ನನ್ನ ಲಿನಕ್ಸ್ ಯಂತ್ರಕ್ಕೆ ಸೇರಿಸಿ ಕಡತವನ್ನು ತೆರೆದರೆ ಕಂಡದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಒಂದು ಕಲಸುಮೇಲೋಗರ. ಕಾರಣವಿಷ್ಟೆ: ಯೂನಿಕೋಡ್ ರೂಢಿಗೆ ಬರುವ ಮೊದಲು ನಮ್ಮ ಲಿಪಿತಂತ್ರಾಂಶಗಳು ತಲೆಕಟ್ಟು, ಕೊಂಬು, ಒತ್ತು ಎಂದು ಅಕ್ಷರವನ್ನು ತುಂಡುಮಾಡಿ, ಆ ತುಂಡುಗಳನ್ನು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದುವು. ಒಂದೊಂದು ತಂತ್ರಾಂಶದ್ದು ಒಂದೊಂದು ಕ್ರಮ. ತೀರ್ಥರೂಪರು ಬಳಸಿದ್ದಂತೂ, ಬೀಗದ ಕೈಯಂತಹ ಒಂದು ಯು.ಎಸ್.ಬಿ. ತುಂಡನ್ನು ಚುಚ್ಚಿದ ಹೊರತು ಬಾಯಿ ಬಿಡದು.

ಆಗ ಕೈಹಿಡಿದದ್ದು ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಎಂಬಾತನು 2003ರಲ್ಲಿ ಬರೆದು, ಮೂಲಲೇಖವನ್ನೂ ಎಲ್ಲರಿಗೂ ತೆರೆದಿಟ್ಟ ಅನುಕರಣ ತಂತ್ರಾಂಶವಿದು. ಒಂದು ಯಂತ್ರದೊಳಗೆ ಇಲ್ಲದ ಇನ್ನೊಂದು ಯಂತ್ರವನ್ನು ನಟಿಸಿ ತೋರಿಸುವುದು ಇದರ ಕೆಲಸ. ಕೆ.ವಿ.ಎಂ. ನೆರವಿದ್ದರೆ ಲೆಕ್ಕಾಚಾರವನ್ನು ನಿಜವಾದ ಪ್ರೊಸೆಸರೇ ನಡೆಸಿಕೊಡುವುದು. ನಟನೆಯೆಲ್ಲ ಉಳಿಯುವುದು ಡಿಸ್ಕು, ತೆರೆ, ಮೌಸು ಮೊದಲಾದ ಉಪಕರಣಗಳಲ್ಲಿ. ನಮ್ಮೂರಿನ ಬೊಂಬೆಯವನು ಹಾಲೆಮರದ ಕುದುರೆಯನ್ನು ಕಡೆಯುವಾಗ, ಮಗುವಿಗೆ ಕುದುರೆಯೆಂದು ತೋರಲು ಬೇಕಾದಷ್ಟನ್ನು ಕಡೆದು ನಿಲ್ಲಿಸುತ್ತಾನಷ್ಟೆ. ಇಲ್ಲಿ ಮಗುವಿನ ಸ್ಥಾನದಲ್ಲಿದ್ದುದು ಹಳೆಯ ವಿಂಡೋಸ್ ಎಕ್ಸ್‌ಪಿ.

ಡಿಸ್ಕಿನ ಪಡಿಯಚ್ಚು ತೆಗೆದು, ಮೂಲಕ್ಕೆ ಕಲೆ ತಗಲದಂತೆ ಅದರ ಮೇಲೊಂದು ಬೇರೆ ಪದರವನ್ನು ಹಾಸಿ, ಕೆಲಸಕ್ಕೆ ಕುಳಿತೆ. ತಂದೆಯವರ ಯಂತ್ರಕ್ಕೆ ಉತ್ತಮವಾದುದನ್ನೇ ಕೊಡಬೇಕೆಂಬ ಹುರುಪು. ಕ್ಯೂ-35 ಎಂಬ ಹೊಸ ಮಾದರಿಯ ಮದರ್‌ಬೋರ್ಡನ್ನೂ, ಅತಿ ವೇಗವುಳ್ಳ ವರ್ಟಿಯೋ ಡಿಸ್ಕನ್ನೂ, ಹೊಸ ಯು.ಎಸ್.ಬಿ. ನಿಯಂತ್ರಕವನ್ನೂ ಗೊತ್ತುಮಾಡಿದೆ. ಎಕ್ಸ್‌ಪಿ ಕಣ್ಣು ತೆರೆಯಿತು. ಮರುಕ್ಷಣವೇ ನೀಲಿಯ ತೆರೆ, ಅದರ ಮೇಲೆ 0x0000007B ಎಂಬ ಸಂಖ್ಯೆ. ತಾನು ಏಳಬೇಕಾದ ಡಿಸ್ಕೇ ತನಗೆ ಕಾಣದೆಂದು ಅದರ ಅರ್ಥ. ನಾನಾದರೋ ಡಿಸ್ಕು ಕೆಟ್ಟಿದೆಯೆಂದು ಬಗೆದು, ನಾಲ್ಕು ರಾತ್ರಿ ಪಡಿಯಚ್ಚನ್ನೇ ಮತ್ತೆ ಮತ್ತೆ ತೆಗೆದೆ.

ಐದನೆಯ ರಾತ್ರಿ ಒಂದು ಹಳೆಯ ಸಂಗತಿ ನೆನಪಾಯಿತು. ತೀರ್ಥರೂಪರು ಹಳ್ಳಿಯಿಂದ ನಮ್ಮ ಮನೆಗೆ ಬಂದಿರಲು ಒಪ್ಪಿದಾಗ, ನಾನು ಮೆತ್ತನೆಯ ಹೊಸ ಮಂಚವನ್ನು ತರಿಸಿದ್ದೆ. ಮೂರು ರಾತ್ರಿ ಅವರು ನಿದ್ದೆ ಮಾಡಲಿಲ್ಲ. ನನಗೆ ಹೇಳಲೂ ಇಲ್ಲ. ನಾಲ್ಕನೆಯ ದಿನ ನಮ್ಮ ತಾಯಿಯವರು ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟರು.

ಕ್ಯೂ-35 ಅನ್ನು ತೆಗೆದು, ಇಂಟೆಲ್ ಸಂಸ್ಥೆಯು 1996ರಲ್ಲಿ ಹೊರತಂದ 440ಎಫ್‌ಎಕ್ಸ್ ಮಾದರಿಯನ್ನು ಇಟ್ಟೆ. ವರ್ಟಿಯೋ ಹೋಗಿ ಹಳೆಯ ಐ.ಡಿ.ಇ. ಬಂತು. ಎಕ್ಸ್‌ಪಿ ಎದ್ದು ಕುಳಿತಿತು. ಮೌಸಿನ ಬಾಣ ಕೈಗೆ ಸಿಕ್ಕದೆ ಓಡಾಡುತ್ತಿದ್ದುದು ಯು.ಎಸ್.ಬಿ. ಟ್ಯಾಬ್ಲೆಟ್ ಎಂಬ ನಟನೆಯಿಂದ ಸರಿಹೋಯಿತು. ಬೀಗದ ತುಂಡೊಂದೇ ಹಟ ಹಿಡಿದದ್ದು. ಅಲ್ಲಿ ತೊಡಕು ಎರಡಿದ್ದುವು, ಒಂದು ಇನ್ನೊಂದನ್ನು ಮರೆಮಾಡಿದ್ದಿತು. ಹೊರಗಣ ಲಿನಕ್ಸು ಆ ತುಂಡನ್ನು ಮುಟ್ಟಲು ನನಗೆ ಅಪ್ಪಣೆಯನ್ನೇ ಕೊಟ್ಟಿರಲಿಲ್ಲ. ಯುಡೆವ್ ನಿಯಮವೊಂದನ್ನು ಬರೆದು ಅದನ್ನು ಪಡೆದೆ. ಆಮೇಲೂ ಎಕ್ಸ್‌ಪಿಗೆ ತುಂಡು ಕಾಣದು. ನಾನು ಕೊಟ್ಟಿದ್ದ ಹೊಸ ನಿಯಂತ್ರಕವನ್ನು ನಡೆಸುವ ವಿದ್ಯೆಯೇ ಅದರಲ್ಲಿಲ್ಲ! ಅದನ್ನೂ ಕಿತ್ತು, ಮೊದಲ ತಲೆಮಾರಿನ ಯು.ಹೆಚ್.ಸಿ.ಐ. ನಿಯಂತ್ರಕವನ್ನು ಇಟ್ಟೆ.

ಕೋಶವು ತೆರೆಯಿತು. ಮುಖಪುಟದಲ್ಲಿ ಅವರ ಹೆಸರು, ಕೆಳಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆ. ನಮ್ಮ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದುವು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಒಳಗಣ ಯಂತ್ರಕ್ಕೆ ಈ ಯಾವ ಸುದ್ದಿಯೂ ಮುಟ್ಟಿಲ್ಲ. ಕೈ ತಾನಾಗಿ ‘ಜ್ವರ’ವೆಂಬ ಪದದ ಬಳಿಗೆ ಹೋಯಿತು. ಪ್ರಯೋಗವಾಗಿ ಯಾರೋ ಒಬ್ಬ ಮುದುಕಿಯ ಮಾತನ್ನು ಕೊಟ್ಟಿದ್ದರು: ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬೇಡ ಮಗ, ಅದು ಹಸಿದಿಲ್ಲ.

ಈಗ ರಾತ್ರಿಯೂಟವಾದ ಮೇಲೆ ದಿನಕ್ಕೊಂದು ಪುಟದಂತೆ ಕೋಶವನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಪರಿವರ್ತಕ ತಂತ್ರಾಂಶವು ಅರ್ಕಾವತ್ತಿನ ಬಳಿ ಎಡವುತ್ತದೆ, ಒತ್ತಕ್ಷರಗಳನ್ನು ನುಂಗುತ್ತದೆ. ಹಳೆಯ ತೆರೆಯನ್ನೂ ಹೊಸ ತೆರೆಯನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ತಿದ್ದಬೇಕು. ಬೀಗದ ತುಂಡು ಇರುವುದು ಒಂದೇ ಆದ್ದರಿಂದ ಅದನ್ನು ದೇವರ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಬಾರದೆಂದು ಮನೆಯಲ್ಲಿ ಹೇಳಿದ್ದೇನೆ. ನಿನ್ನೆ ‘ಚ’ಕಾರಕ್ಕೆ ಬಂದೆ. ಚಂದ್ರಿಕೆಯೊಂದಕ್ಕೇ ಎರಡು ಪುಟಗಳಿವೆ.