ನೀರು ಹೊತ್ತವಳ ಲೆಕ್ಕ

ವಾಂಸದಾ ಅಂದರೆ ದಕ್ಷಿಣ ಗುಜರಾತಿನ ಗುಡ್ಡಗಾಡು ತಾಲ್ಲೂಕು, ಡಾಂಗ್ ಕಾಡಿನ ಸೆರಗಿನಲ್ಲೇ ಇದೆ. ನಾನು ಹೋದಾಗ ಮಾವು ಕೊಯ್ಲಿಗೆ ಬಂದಿತ್ತು, ಮಳೆಗಾಲ ಹಿಡಿದಿರಲಿಲ್ಲ. ಹಳ್ಳಿಯ ಹೆಸರು ಮರೆತೇ ಹೋಗಿದೆ. ಉಳಿದುಕೊಂಡ ಮನೆಯ ಜಗಲಿ ಮಾತ್ರ ಚೆನ್ನಾಗಿ ನೆನಪಿದೆ: ಸಗಣಿ ಸಾರಿಸಿದ ನೆಲ, ಬಿದಿರು ತಡಿಕೆಯ ಗೋಡೆ, ಮೂಲೆಯಲ್ಲಿ ಹುಲ್ಲಿನ ಮೇಲೆ ಹಣ್ಣಾಗಲು ಹರಡಿದ್ದ ಕೇಸರ್ ಮಾವು. ರಾತ್ರಿಯಿಡೀ ಅದರದೇ ಘಮ.

ಮನೆಯವರು ಕುಕಣಾ ಆದಿವಾಸಿಗಳು. ನನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲೇ ಮಾತು ಸಾಗಿತು. ಯಜಮಾನ ಎಲ್ಲವನ್ನೂ ಕೊಡಗಳಲ್ಲೇ ಅಳೆಯುವವನು. ತೊರೆ ಎಷ್ಟು ದೂರ ಅಂತ ಕೇಳಿದರೆ, "ನಾಲ್ಕು ಕೊಡ ತರೋಷ್ಟರಲ್ಲಿ ಹೊತ್ತು ನೆತ್ತಿಗೇರುತ್ತೆ" ಅಂದ. ಒಳಗಿಂದಲೇ ಹೆಂಡತಿಯ ದನಿ: "ಲೆಕ್ಕ ಅವನದು, ಹೊತ್ತವಳು ನಾನು!"

ರಾತ್ರಿ ಊಟಕ್ಕೆ ನಾಗ್ಲಿ ರೊಟ್ಟಿ, ಉದ್ದಿನ ಬೇಳೆಯ ಗಟ್ಟಿ ಸಾರು. ನಾಗ್ಲಿ ನಮ್ಮ ರಾಗಿಯೇ. ನಮ್ಮ ಕಡೆ ಇದನ್ನು ಮುದ್ದೆ ಕಟ್ಟಿ ನುಂಗ್ತೀವಿ ಅಂದಾಗ ಆಕೆ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು, "ಅಗಿಯೋದೇ ಇಲ್ವಾ? ಮತ್ತೆ ರುಚಿ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದಳು.

ಅಷ್ಟರಲ್ಲಿ ಗಾಳಿ ಎದ್ದಿತು, ಹಿಂದೆಯೇ ಮಳೆ. ಹಿತ್ತಲಲ್ಲಿ ಕಾಯಿ ಧಡಧಡ ಬೀಳುವ ಸದ್ದು. ಆ ಕಡೆಗೇ ಕಿವಿಯಿಟ್ಟುಕೊಂಡು ಆಕೆ ಹಳೆಯದನ್ನೆಲ್ಲ ಹೇಳಿದಳು.

ಮಳೆ ಅಲ್ಲಿ ಧಾರಾಳ. ಆದರೆ ಇಳಿಜಾರಿನ ನೆಲದಲ್ಲಿ ನೀರು ನಿಲ್ಲೋದಿಲ್ಲ. ಒಂದು ಬೆಳೆ ಭತ್ತ, ನಾಗ್ಲಿ ಮುಗಿದರೆ ಮುಗಿಯಿತು. ದೀಪಾವಳಿ ಹೊತ್ತಿಗೆ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ, ಮುಂಗಡ ಕೊಟ್ಟು ಕಬ್ಬು ಕಡಿಯಲು ಊರಿಗೆ ಊರನ್ನೇ ಬಾರ್ಡೋಲಿ ಕಡೆಗೆ ಕರೆದೊಯ್ಯುತ್ತಿದ್ದ. ಮಕ್ಕಳೂ ಗದ್ದೆಯಂಚಿನ ಗುಡಾರದಲ್ಲೇ.

ಈ ಗುಳೆಗೆ ಬೇರೆ ದಾರಿ ತೋರಿದ ಮಣಿಭಾಯಿ ದೇಸಾಯಿಯವರ ವಿಷಯ ಇಲ್ಲಿ ಹೇಳಲೇಬೇಕು. ಗಾಂಧೀಜಿ ಉರುಳಿಕಾಂಚನದಲ್ಲಿ ಶುರುಮಾಡಿದ ಪ್ರಕೃತಿ ಚಿಕಿತ್ಸೆಯ ಆಶ್ರಮವನ್ನು ಹೊತ್ತು ನಡೆಸಿದವರು, 1967ರಲ್ಲಿ ಬೈಫ್ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆ ಕಟ್ಟಿದವರು. 1982ರ ಸುಮಾರಿಗೆ ಬೈಫ್ ವಾಂಸದಾಕ್ಕೆ ಬಂದು, ಇದ್ದ ಪಾಳು ನೆಲದಲ್ಲೇ ಒಂದೊಂದು ಎಕರೆ ತೋಟ ಮಾಡಿ ಅಂತ ಆದಿವಾಸಿಗಳ ಬೆನ್ನಿಗೆ ನಿಂತಿತು. ಅದೇ ವಾಡಿ. ಈ ಮನೆಯವರದು ಇಪ್ಪತ್ತು ಮಾವು, ನಲವತ್ತು ಗೇರು, ಬೇಲಿಗುಂಟ ಸೌದೆ ಮೇವಿನ ಗಿಡ.

ಕಸಿ ಮಾವು ಕೈಗೆ ಹತ್ತಲು ನಾಲ್ಕೈದು ವರ್ಷ ಬೇಕು. ಸಸಿ ನೆಟ್ಟ ವರ್ಷವೇ ಮುಕಾದಮ ಬಂದ. ಗಂಡ ಮುಂಗಡ ಇಸಕೊಂಡೂ ಆಗಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ ಅಷ್ಟನ್ನೂ ವಾಪಸು ಕೊಟ್ಟಳಂತೆ. "ನಾವು ಕಬ್ಬಿಗೆ ಹೋದ್ರೆ ಇವಕ್ಕೆ ನೀರು ಹಾಕೋರ್ಯಾರು?" ಆ ಬೇಸಿಗೆ ಪೂರ್ತಿ ನಾಗ್ಲಿ ಅಂಬಲಿ, ಸಾಲುಗಳ ನಡುವೆ ಬೆಳೆದ ಬದನೆ, ಕಡಲೆ. ಗಿಡದ ಬುಡಕ್ಕೊಂದು ಗಡಿಗೆ ಹೂತು, ತೊರೆಯಿಂದ ನೀರು ಹೊತ್ತು ತುಂಬಿದ್ದು. ಏಳು ಸಸಿ ಸತ್ತವು ಅಂದಳು. ಐದೇ ಅಂದ ಗಂಡ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು.

ಸಸಿ ಹಂಚಿದ್ದನ್ನೇ ದೊಡ್ಡದಾಗಿ ಬರೆಯುತ್ತೇವೆ. ನನಗಂತೂ ಆ ಹಸಿದ ಬೇಸಿಗೆಯೇ ದೊಡ್ಡದು. ಮರ ಕಾಯಿ ಬಿಡುವ ತನಕ ಮನೆಮಂದಿ ಊರಲ್ಲೇ ಉಣ್ಣುವ ದಾರಿ ಇರಬೇಕು, ಇಲ್ಲದಿದ್ದರೆ ತೋಟ ಒಣಗುತ್ತೆ. ಮುಂದೆ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ ನೆರವಿನಿಂದ ನಮ್ಮ ಎಚ್.ಡಿ. ಕೋಟೆಯ ಹಾಡಿಗಳಿಗೂ ವಾಡಿ ಬಂತು. ಅಲ್ಲಿಯೂ ಮೊದಲು ಕೇಳಬೇಕಾದ್ದು, ಮರ ಕಾಯಿ ಬಿಡುವ ತನಕ ಮನೆಮಂದಿ ಏನುಣ್ಣುತ್ತಾರೆ ಅನ್ನೋದನ್ನೇ.

ಬೆಳಿಗ್ಗೆ ನೋಡಿದರೆ ಮರದಡಿ ತುಂಬ ರಾಜಾಪುರಿ ಕಾಯಿ. ನನಗೆ ಸಂಕಟವಾಯಿತು. ಆಕೆ ಮಾತ್ರ ಸೀರೆ ಎತ್ತಿಕಟ್ಟಿ ಆರಿಸಲು ಕೂತಳು. ಒಡೆದದ್ದು ಮನೆಗೆ, ಗಟ್ಟಿ ಇದ್ದದ್ದು ಸಹಕಾರ ಸಂಘದ ಉಪ್ಪಿನಕಾಯಿಗೆ. ಮಗಳು ಶಾಲೆಯ ಲಂಗದಲ್ಲೇ ಬುಟ್ಟಿ ಹಿಡಿದು ಬಂದಳು, ನಾನೂ ಜೊತೆಗೂಡಿದೆ. ಗಂಡ ತಕ್ಕಡಿ ಕಟ್ಟಿ ತೂಕ ಕೂಗತೊಡಗಿದ. ಆಕೆ ಒಂದೊಂದು ಸಲವೂ ಎದ್ದು ಬಂದು ಮುಳ್ಳು ನೋಡಿಯೇ ಹೂಂ ಅನ್ನುತ್ತಿದ್ದಳು.