ಮೂರನೆಯ ತಂತಿ

ವುಝೂ ಮಾಡಿ ಬಂದ ಅಮ್ಮಿ ಒದ್ದೆ ಕೈಯಲ್ಲಿ ಫ್ರಿಜ್ ಮುಟ್ಟಿದಾಗಲೆಲ್ಲ ‘ಜುಮ್ಮೆನ್ನುತ್ತೆ’ ಎನ್ನುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ಹಾಗಾಗುತ್ತಿರಲಿಲ್ಲ. ನಾವೆಲ್ಲ ಚಪ್ಪಲಿ ಮೆಟ್ಟಿ ಓಡಾಡುವವರು, ಅವರು ಬರಿಗಾಲಿನವರು ಎಂಬುದು ನಮಗೆ ಹೊಳೆಯಲೇ ಇಲ್ಲ. ‘ವಯಸ್ಸಾಯಿತಲ್ಲ, ನರದ ದೌರ್ಬಲ್ಯ’ ಎಂದು ನಾನೇ ತೀರ್ಪು ಕೊಟ್ಟು, ತುಮಕೂರಿನ ಬಿ.ಎಚ್. ರಸ್ತೆಯಿಂದ ವಿಟಮಿನ್ ಗುಳಿಗೆ ತಂದುಕೊಟ್ಟೆ. ಪಾಪ, ನುಂಗಿದರು. ಫ್ರಿಜ್ ಬಾಗಿಲನ್ನು ಸೆರಗಿನಿಂದ ಹಿಡಿದು ತೆಗೆಯುವುದನ್ನೂ ಕಲಿತರು.

ಒಮ್ಮೆ ಗುಬ್ಬಿಯಿಂದ ಮಾಮು ಬಂದರು. ಬಹಳ ವರ್ಷ ವೈರಿಂಗ್ ಕೆಲಸ ಮಾಡಿದವರು. ಅಮ್ಮಿಯ ಸೆರಗು ನೋಡಿದವರೇ ಟೆಸ್ಟರ್ ಕೇಳಿದರು. ಫ್ರಿಜ್ ಮೈಗೆ ಹಚ್ಚಿದರೆ ಮಂಕಾಗಿ ಉರಿಯಿತು. ಸಾಕೆಟ್ಟಿನಲ್ಲಿ ಬಲಗಡೆಯ ತೂತಿಗೆ ಹಾಕಿದಾಗ ಚೆನ್ನಾಗಿ ಉರಿಯಿತು. ಎಡಗಡೆ ಇಲ್ಲ, ಮೇಲಿನ ದೊಡ್ಡ ತೂತಿನಲ್ಲೂ ಇಲ್ಲ. ‘ಎಲ್ಲ ಸರಿಯಿದೆಯಲ್ಲ’ ಎಂದೆ.

‘ಟೆಸ್ಟರ್ ಸುಮ್ಮನಿದ್ದರೆ ತಂತಿ ನೆಲಕ್ಕೆ ಹೋಗಿರಬಹುದು, ತಂತಿಯೇ ಇಲ್ಲದಿರಬಹುದು. ಅದಕ್ಕೇನು ಗೊತ್ತು?’ ಎಂದ ಮಾಮು, ಹೋಲ್ಡರಿಗೆ ಬಲ್ಬು ಸಿಕ್ಕಿಸಿದರು. ಬಲಕ್ಕೂ ಎಡಕ್ಕೂ ಕೊಟ್ಟರೆ ಬೆಳಗಿತು. ಬಲಕ್ಕೂ ಮೇಲಿನದಕ್ಕೂ ಕೊಟ್ಟರೆ ಕತ್ತಲೆ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ, ಹಸಿರು ತಂತಿ ಗೋಡೆಯೊಳಗೆ ಹೋಗದೆ ಅಲ್ಲೇ ತುಂಡಾಗಿ ನಿಂತಿತ್ತು.

ಆ ತಂತಿ ಇಲ್ಲದೆಯೂ ಫ್ರಿಜ್ ತಣ್ಣಗಿರುತ್ತದೆ, ಮೀಟರ್ ಓಡುತ್ತದೆ. ಹಾಗಾಗಿ ಅದನ್ನು ಯಾರೂ ಕೇಳುವುದಿಲ್ಲ. ಒಳಗಿನ ತಂತಿ ಸುಟ್ಟು ಮೈಗೆ ತಗುಲಿದ ದಿನ, ವಿದ್ಯುತ್ತನ್ನು ಮಣ್ಣಿಗೆ ಹರಿಸಿ ಫ್ಯೂಸ್ ಹಾರಿಸುವುದೇ ಅದರ ಕೆಲಸ. ಅದಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಅಷ್ಟು ದಿನ ಸೋರುತ್ತಿದ್ದ ಅಲ್ಪಸ್ವಲ್ಪಕ್ಕೆ ಅಮ್ಮಿ ದಾರಿಯಾಗಿದ್ದರು.

‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ’ ಎಂದರು ಮನೆಯ ಮಾಲೀಕರು. ನಾವೇ ಗುಂಡಿ ತೋಡಿಸಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿಸಿ ತಂತಿ ಎಳೆಸಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದು ನನ್ನ ಪಾಲಿನ ಕೆಲಸ.

ಅದೇ ಭಯದಲ್ಲಿ ಕುಣಿಗಲ್‌ನಲ್ಲಿರುವ ತಂಗಿಯ ಹೊಸ ಮನೆಗೂ ಮಾಮುವನ್ನು ಕರೆದೊಯ್ದೆ. ಅಲ್ಲಿ ಬಲ್ಬು ಎರಡೂ ಸಲ ಬೆಳಗಿತು. ನಾನು ನಿಟ್ಟುಸಿರುಬಿಟ್ಟೆ, ಮಾಮು ಬಿಡಲಿಲ್ಲ. ಮತ್ತೆ ಮೇನ್ ಆಫ್ ಮಾಡಿ ಬಿಚ್ಚಿದರೆ, ಎಡಗಡೆಯ ನ್ಯೂಟ್ರಲ್‌ನಿಂದಲೇ ಮೇಲಿನ ಪಿನ್ನಿಗೆ ಗೇಣುದ್ದದ ತಂತಿ! ಪರೀಕ್ಷೆಯಲ್ಲಿ ಪಾಸಾಗಲು ಮಾಡಿದ ಉಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ, ಅದೇ ತಂತಿ 230 ವೋಲ್ಟನ್ನು ವಾಷಿಂಗ್ ಮೆಷಿನ್ನಿನ ಮೈಗೆ ತಂದಿಡುತ್ತಿತ್ತು. ಇರದ ಅರ್ಥಿಂಗ್‌ಗಿಂತ ಇದ್ದಂತೆ ತೋರುವ ಅರ್ಥಿಂಗ್ ಕೆಟ್ಟದ್ದು.

ಈ ಬಲ್ಬಿನ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ. ಲೈಸೆನ್ಸ್ ಇರುವವರನ್ನು ಕರೆಸಿ, ಬೋರ್ಡ್ ಬಿಚ್ಚಿಸಿ, ಹಸಿರು ತಂತಿ ಎಲ್ಲಿಗೆ ಹೋಗುತ್ತದೆಂದು ಕೇಳಿ. ಅದಕ್ಕೂ ಮೊದಲು, ಮನೆಯಲ್ಲಿ ಯಾರಾದರೂ ‘ಜುಮ್ಮೆನ್ನುತ್ತೆ’ ಎಂದರೆ ನಂಬಿ.

ನಮ್ಮ ಫ್ರಿಜ್ ಈಗ ಜುಮ್ಮೆನ್ನುವುದಿಲ್ಲ. ಅಮ್ಮಿ ಮಾತ್ರ ಇನ್ನೂ ಸೆರಗಿನಿಂದಲೇ ಬಾಗಿಲು ತೆಗೆಯುತ್ತಾರೆ.