ನಾಲ್ಕನೆಯ ನಡೆಗೆ ಹೋದ ಮಂತ್ರಿ

ಚದುರಂಗವು ಜೂಜೇ, ಅಲ್ಲವೇ ಎಂಬ ಪ್ರಶ್ನೆ ಸದ್ಭಕ್ತರ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ದ್ಯೂತದಿಂದ ಧರ್ಮರಾಯನು ಪಟ್ಟ ಪಾಡನ್ನು ಕಥಾಕೀರ್ತನೆಗಳಲ್ಲಿ ಕೇಳಿ ಬೆಳೆದ ಹಿರಿಯರಿಗೆ ಮನೆ ಬರೆದ ಹಲಗೆಯನ್ನು ಕಂಡರೆ ಸಾಕು, ಪಗಡೆಯ ನೆನಪಾಗಿ ಹುಬ್ಬು ಗಂಟಿಕ್ಕುವುದು. ಅವರ ಆತಂಕವನ್ನು ನಾವು ಹಗುರವಾಗಿ ಕಾಣುವವರಲ್ಲ. ಪಣ ಕಟ್ಟಿದರೆ ಯಾವ ಆಟವೂ ಜೂಜೇ. ಹುಂಜದ ಕಾಳಗವೂ ಅಷ್ಟೇ, ಎತ್ತಿನ ಗಾಡಿಯ ಓಟವೂ ಅಷ್ಟೇ. ಆದರೆ ದಾಳದ ಉರುಳಿಗೆ ಕೈಕಟ್ಟಿ ಕೂರುವ ಆಟವನ್ನೂ ತನ್ನ ನಡೆಗೆ ತಾನೇ ಹೊಣೆಯಾಗುವ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದ ವಿವರಣೆಯುಂಟು. ಮುಂದೆ ಬಸವಣ್ಣನವರ ಮಹಾಮನೆಯನ್ನು ಕಂಡ ಕಲ್ಯಾಣವೇ ಅದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ಮೆಟ್ಟಿಸಿ ನಡೆಸುವ ಬಂಧಗಳನ್ನು ಸ್ವತಃ ರಚಿಸಿದ ದೊರೆ ಅವರು. ಇಂತಹ ವಂಶಾವಳಿಯುಳ್ಳ ಆಟಕ್ಕೆ ನಮ್ಮ ಜಗಲಿಯ ಮೇಲೆ ಒಂದು ಮೂಲೆ ದೊರೆಯಬಾರದೇ?

ಹೊಯ್ಸಳರ ಕಾಲದ ಸೋಪಾನಬಾವಿಯಿಂದ ಹೆಸರಾದ, ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಬೇರೆಯೇ ರೂಪದಲ್ಲಿ. ತೆಂಗಿನ ತೋಟವುಳ್ಳ ಗೃಹಸ್ಥರೊಬ್ಬರು ಮೊಮ್ಮಗನನ್ನು ಕರೆತಂದು, "ಶಾಸ್ತ್ರಿಗಳೇ, ಬೇಸಿಗೆ ರಜಕ್ಕೆ ಪೇಟೆಯಿಂದ ಬಂದ ಹುಡುಗನ ಕೂಡೆ ಇವನು ಚದುರಂಗ ಆಡಿದನಂತೆ. ನಾಲ್ಕೇ ನಡೆಗೆ ಮಂತ್ರೀನೇ ಹೋಯ್ತಂತೆ. ಎರಡು ದಿನದಿಂದ ಸರಿಯಾಗಿ ಉಣ್ತಿಲ್ಲ. ಆ ಹಲಗೇನ ಒಲೆಗೆ ಹಾಕ್ತೀನಿ ಅಂದೆ, ತಾವು ಒಂದು ಮಾತು ಹೇಳಬೇಕು" ಎಂದರು. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಹಲಗೆ ತರಿಸಿ, ನಡೆದದ್ದನ್ನು ನಡೆದಂತೆ ಮತ್ತೊಮ್ಮೆ ಇಟ್ಟು ತೋರಿಸೆಂದೆವು.

ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದನು. ಕರಿಯ ಕಾಯಿಗಳ ನಮ್ಮ ಹುಡುಗನು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟನು. ಬಿಳಿಯ ಕಾಲಾಳು ಅದನ್ನು ಕಡಿಯಿತು. ಕರಿಯ ಮಂತ್ರಿ ಬಂದು ಆ ಕಾಲಾಳನ್ನು ಕಡಿದು ಹಲಗೆಯ ನಡುವೆ ನಿಂತನು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ದೊಡ್ಡ ಆಟಗಾರರೂ ಹೀಗೆ ಆಡುವುದುಂಟು. ಆಗ ಬಿಳಿಯ ಕುದುರೆ ಹೊರಗೆ ನೆಗೆದು ಮಂತ್ರಿಯನ್ನು ಹೆದರಿಸಿತು. ಮಂತ್ರಿಯು ತನ್ನ ಮನೆಗೆ ಹಿಂದಿರುಗಬಹುದಿತ್ತು, ಹಲಗೆಯ ಅಂಚಿಗೆ ಸರಿಯಬಹುದಿತ್ತು. ಹುಡುಗನು ಅವನನ್ನು ಓರೆಯಾಗಿ ಒಂದೇ ಮನೆ ಹಿಂದಕ್ಕೆ, ರಾಜನಿಗೆ ನೇರ ಓರೆಗೆರೆ ಬೀಳುವ ಕಡೆಗೆ ಎಳೆದನು. ಬಿಳಿಯ ಒಂಟೆ ಹೊರಟು ಎದುರಿಗೆ ನಿಂತಿತು. ಮಂತ್ರಿ ಪಕ್ಕಕ್ಕೆ ಸರಿದರೆ ಹಿಂದಿರುವ ರಾಜನಿಗೆ ಏಟು, ಆದುದರಿಂದ ಸರಿಯುವಂತಿಲ್ಲ. ಒಂಟೆಯನ್ನೇ ಕಡಿದರೆ ಕಾವಲಿರುವ ಕುದುರೆ ಮಂತ್ರಿಯನ್ನು ಕಡಿಯುವುದು. ರಾಜನಿಗೂ ಮಂತ್ರಿಗೂ ನಡುವೆ ಮರೆಯಾಗಿ ನಿಲ್ಲಬೇಕಿದ್ದ ಕಾಲಾಳು ಮೊದಲ ನಡೆಯಲ್ಲಿಯೇ ಮನೆ ಬಿಟ್ಟು ಹೋಗಿತ್ತಷ್ಟೇ. ಇದನ್ನು ಬಲೆಯೆನ್ನುವುದಕ್ಕಿಂತ ಬಾಯಿ ತೆರೆದ ಬಾವಿಯೆನ್ನುವುದು ಲೇಸು. ಬಲೆಯಾದರೆ ಯಾರೋ ಹೆಣೆಯಬೇಕು. ಇಲ್ಲಿ ಎದುರಾಳಿಯು ಕಾದು ನೋಡಿದ್ದಷ್ಟೇ.

ಒಂದು ವಿಶೇಷವನ್ನು ಹೇಳಲೇಬೇಕು. ಹುಡುಗನು ಇಟ್ಟ ಆ ಓರೆಯ ಒಂದು ಹೆಜ್ಜೆ ನಮ್ಮ ಪೂರ್ವಿಕರ ಮಂತ್ರಿಯ ಹೆಜ್ಜೆಯೇ ಆಗಿತ್ತು. ಪ್ರಾಚೀನ ಚದುರಂಗದಲ್ಲಿ ಮಂತ್ರಿಗೆ ಇದ್ದ ಅಧಿಕಾರ ಅಷ್ಟೇ, ಓರೆಯಾಗಿ ಒಂದು ಮನೆ. ಆಟವು ಪಾರಸಿಕರ, ಅರಬರ ಮೂಲಕ ಯುರೋಪಿಗೆ ಹೋಗಿ, 15ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್ ಕಡೆ ಹೊಸ ನಿಯಮ ಕಂಡಿತು. ಅಲ್ಲಿ ರಾಣಿಯೆನಿಸಿಕೊಂಡಿದ್ದ ಈ ಕಾಯಿಗೆ ಎಂಟು ದಿಕ್ಕಿಗೂ ಎಷ್ಟು ಮನೆಯಾದರೂ ಓಡುವ ಬಲ ಬಂದಿತು. ಮೂರನೆಯ ನಡೆಗೇ ರಣಾಂಗಣಕ್ಕೆ ಧಾವಿಸುವ ಮಂತ್ರಿಗೆ ಮೂರನೆಯ ನಡೆಯಿಂದಲೇ ಅಪಾಯವೂ ಶುರುವಾಯಿತು. ಹಳೆಯ ಆಟದಲ್ಲಿ ಇಷ್ಟು ಬೇಗ ಮಂತ್ರಿಯನ್ನು ಕಳೆದುಕೊಳ್ಳುವುದು ಕಷ್ಟಸಾಧ್ಯ. ಕಳೆದುಕೊಂಡರೂ ಕೋಟೆಯೇನೂ ಕುಸಿಯುತ್ತಿರಲಿಲ್ಲ.

ಪಂಜಾಬಿನ ಮೀರ್ ಸುಲ್ತಾನ್ ಖಾನರ ವೃತ್ತಾಂತ ಇಲ್ಲಿ ನೆನಪಾಗುತ್ತದೆ. ಕಾಲಾಳು ಒಂದೊಂದೇ ಮನೆ ನಡೆಯುವ ದೇಶೀ ಚದುರಂಗದಲ್ಲಿ ಪಳಗಿದವರು ಅವರು. ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ನರಾದರು. ಆಟದ ಕೊನೆಯ ಘಟ್ಟದಲ್ಲಿ ಅವರನ್ನು ಮೀರಿಸಬಲ್ಲವರು ವಿರಳ, ಆದರೆ ಆರಂಭದ ನಡೆಗಳಲ್ಲಿ ಅವರು ಮುಗ್ಗರಿಸುತ್ತಿದ್ದರು. ನಿಧಾನವಾಗಿ ತೆರೆಯುವ ಆಟವನ್ನು ಕಲಿತವರಿಗೆ ಅವಸರದ ಆರಂಭ ಪರದೇಶವೇ ಸರಿ. ವಿಶ್ವ ಚದುರಂಗ ಸಂಸ್ಥೆಯು 2024ರಲ್ಲಿ ಮರಣೋತ್ತರವಾಗಿ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತಿತು.

ಅಜ್ಜನವರಿಗೆ ಇವೆಲ್ಲ ಬೇಕಿರಲಿಲ್ಲ. "ಹುಡುಗ ಉಣ್ಣದೆ ಕೂತಿದಾನೆ" ಎಂಬುದೊಂದೇ ಅವರ ಅಳಲು. ಆದರೆ ಹುಡುಗನಿಗೆ ನೋವಾದದ್ದು ಮಂತ್ರಿ ಹೋದುದಕ್ಕಲ್ಲ ಎಂದು ಮಾತನಾಡಿಸಿದ ಮೇಲೆ ತಿಳಿಯಿತು. ಪೇಟೆಯ ಹುಡುಗನು ತರಬೇತಿಯ ತರಗತಿಯಲ್ಲಿ ಇಂತಹ ಹತ್ತು ಹದಿನೈದು ಉಪಾಯಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದನು. ಗೆದ್ದೊಡನೆ ಕಾಯಿಗಳನ್ನು ಡಬ್ಬಿಗೆ ತುಂಬಿ, "ನಿನಗೆ ಆಟ ಬರೋದಿಲ್ಲ" ಎಂದು ಎದ್ದು ಹೋಗಿದ್ದನು. ನಮ್ಮ ಆಕ್ಷೇಪವಿರುವುದು ಇಂತಹ ಕಲಿಕೆಯ ಮೇಲೆ. ನಾಲ್ಕು ನಡೆಗೆ ಗೆದ್ದವನಿಗೆ ಐದನೆಯ ನಡೆಯ ಪರಿಚಯವೇ ಆಗುವುದಿಲ್ಲ. ಬಹುಮಾನದ ಬಟ್ಟಲುಗಳನ್ನು ಮುಂಚಾವಡಿಯಲ್ಲಿ ಜೋಡಿಸಿಡುವ ತಂದೆತಾಯಿಗಳು ಇದನ್ನು ವಿಚಾರಿಸುವುದೇ ಇಲ್ಲ.

ಮಂತ್ರಿ ಹೋದ ಮೇಲೆ ಆಟ ಮುಗಿಯಿತೇ ಎಂದು ಹುಡುಗನನ್ನೇ ಕೇಳಿದೆವು. ಮಂತ್ರಿಯನ್ನು ಕಡಿದ ಬಿಳಿಯ ಕುದುರೆಯು ಮುಂದಿನ ನೆಗೆತದಲ್ಲಿ ಒಂದು ಕಾಲಾಳನ್ನು ಕಡಿದು, ರಾಜನನ್ನೂ ಆನೆಯನ್ನೂ ಒಟ್ಟಿಗೇ ಹೆದರಿಸಲು ಹೊಂಚುತ್ತಿತ್ತು. ಹುಡುಗನು ಬಹಳ ಹೊತ್ತು ನೋಡಿ, ಮಂತ್ರಿಯ ಕಡೆಯ ತನ್ನ ಕುದುರೆಯನ್ನು ಹಲಗೆಯ ಅಂಚಿಗೆ ತಂದು ಆ ಮನೆಯನ್ನು ಕಾಯ್ದನು. ಸರಿಯಾದ ನಡೆ! ಸೋಲು ತಪ್ಪುವುದು ಕಷ್ಟವೇ, ಆದರೆ ಕಾಯಬೇಕಾದುದನ್ನು ಕಾಯ್ದನು. ಅಂದು ಸಂಜೆ ಮುದ್ದೆ ಉಂಡನೆಂದು ಅಜ್ಜನವರು ಹೇಳಿಕಳುಹಿಸಿದರು.

ಮರುದಿನ ಅವನಿಗೆ ಎರಡು ಕಥೆಗಳನ್ನು ಹೇಳಿದೆವು. ಮೊದಲನೆಯದು ಭಕ್ತರೆಲ್ಲರೂ ಬಲ್ಲ ಆಯ್ದಕ್ಕಿ ಲಕ್ಕಮ್ಮನವರದು. ಬಸವಣ್ಣನವರು ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದು, ಮಾರಯ್ಯನವರು ಅದನ್ನೆಲ್ಲ ಆಯ್ದು ತಂದದ್ದು, ದಿನದ ಅಳತೆಗೆ ಮೀರಿದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ್ದು.

ಎರಡನೆಯದು 1972ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ ಕಥೆ. ಹನ್ನೊಂದನೆಯ ಆಟದಲ್ಲಿ ಅಮೆರಿಕದ ಫಿಷರ್ ಎಂಟನೆಯ ನಡೆಗೇ ತನ್ನ ಮಂತ್ರಿಯನ್ನು ದೂರ ಕಳುಹಿಸಿ, ಕಾವಲಿಲ್ಲದ ಒಂದು ಕಾಲಾಳನ್ನು ಕಡಿದನು. ಆಟಗಾರರು ಅದನ್ನು ವಿಷದ ಕಾಲಾಳು ಎಂದೇ ಕರೆಯುತ್ತಾರೆ. ರಷ್ಯದ ಸ್ಪಾಸ್ಕಿ ಹದಿನಾಲ್ಕನೆಯ ನಡೆಯಲ್ಲಿ ತನ್ನ ಕುದುರೆಯನ್ನು ಅದು ಹೊರಟ ಮನೆಗೇ ಹಿಂದಕ್ಕೆ ಕರೆಸಿಕೊಂಡನು. ನೋಡಿದವರಿಗೆ ಹಿಮ್ಮೆಟ್ಟಿದಂತೆ ಕಂಡಿತು. ಆದರೆ ಮಂತ್ರಿಯ ಸುತ್ತಣ ಬೇಲಿ ಬಿಗಿಯುತ್ತ ಬಂದು, ಇಪ್ಪತ್ತೈದನೆಯ ನಡೆಗೆ ಮಂತ್ರಿ ಬಿದ್ದನು. ಮೂವತ್ತೊಂದಕ್ಕೆ ಫಿಷರ್ ಸೋಲೊಪ್ಪಿದನು.

"ಅಷ್ಟು ದೊಡ್ಡೋರಿಗೂ ಹೋಗ್ತದಾ ಅಯ್ಯನೋರೆ? ಆಮೇಲೆ?" ಎಂದನು ಹುಡುಗ. ಹನ್ನೆರಡನೆಯ ಆಟ ಸಮವಾಯಿತು, ಹದಿಮೂರನೆಯದನ್ನು ಫಿಷರ್ ಗೆದ್ದನು, ಕೊನೆಗೆ ಪಂದ್ಯವನ್ನೂ ಗೆದ್ದನು ಎಂದೆವು. ಅವನಿಗೆ ಅದು ಸಾಲಲಿಲ್ಲ. ಆ ಕಾಲಾಳನ್ನು ಮತ್ತೆ ಕಡಿದನೇ ಎಂದು ಕೇಳಿದನು. ಹದಿನೈದನೆಯ ಆಟದಲ್ಲಿ ಅದೇ ಆರಂಭ ಮತ್ತೆ ಬಂದಿತು. ಫಿಷರ್ ಈ ಸಲ ಮಂತ್ರಿಯನ್ನು ಅತ್ತ ಕಳುಹಿಸಲಿಲ್ಲ. ರಾಜನ ಪಕ್ಕದ ಒಂಟೆಯನ್ನು ಒಂದು ಮನೆ ಮುಂದಕ್ಕೆ ಸರಿಸಿದನು. ಆ ಆಟ ಸಮವಾಯಿತು.